ದೇವರಾಜ ಮಾರುಕಟ್ಟೆ: ಕಮಾನಿಗೆ ಸಂದ ಹೊಗಳಿಕೆ, ಹೂವಿಗೆ ಸಿಗದ ಗಮನ

ಮೈಸೂರಿನ ಸಯ್ಯಾಜಿರಾವ್ ರಸ್ತೆಗೂ ದೇವರಾಜ ಅರಸು ರಸ್ತೆಗೂ ನಡುವೆ ಹಬ್ಬಿರುವ ದೇವರಾಜ ಮಾರುಕಟ್ಟೆಯ ಖ್ಯಾತಿ ಎರಡು ನೋಟಗಳ ಮೇಲೆ ನಿಂತಿದೆ: ಚಿಕ್ಕಗಡಿಯಾರದ ಕಡೆಯ ಹೆಬ್ಬಾಗಿಲು ಮತ್ತು ಗೋಪುರದಂತೆ ಪೇರಿಸಿದ ಕುಂಕುಮದ ರಾಶಿ. ಪ್ರವಾಸಿ ಬರಹಗಳು ಇವನ್ನೇ ಮಾರುಕಟ್ಟೆಯ ಸಾರವೆಂದು ಸಾರಿವೆ. ಈ ಖ್ಯಾತಿ ಅಳತೆ ಮೀರಿದ್ದು. ಇಲ್ಲಿನ ವ್ಯಾಪಾರದ ಕ್ರಮಕ್ಕೆ ಸಿಗಬೇಕಾದ ಗಮನ ಸಿಕ್ಕೇ ಇಲ್ಲ.

ಹೂವಿನ ಸಾಲನ್ನು ನೋಡಬೇಕು. ಮೈಸೂರು ಮಲ್ಲಿಗೆಯನ್ನು ಬೆಳಗಿನ ಜಾವ ಮೊಗ್ಗಾಗಿಯೇ ಬಿಡಿಸುತ್ತಾರೆ. ಸಂಜೆಗೆ ಅದು ಅರಳುತ್ತದೆ. ಬಿಡಿಸುವುದು, ಸಾಗಿಸುವುದು, ಕಟ್ಟುವುದು, ಮಾರುವುದು ಎಲ್ಲವೂ ಆ ಕೆಲವು ಗಂಟೆಗಳಲ್ಲೇ ಮುಗಿಯಬೇಕು. ಕಟ್ಟಿದ ಹೂವು ಮೊಳದ ಲೆಕ್ಕದಲ್ಲಿ ಬಿಕರಿಯಾಗುತ್ತದೆ. ಮೊಣಕೈಯಿಂದ ಬೆರಳ ತುದಿಯವರೆಗಿನ ಈ ಅಳತೆ ಕೈಯಿಂದ ಕೈಗೆ ಬದಲಾಗುತ್ತದೆ, ನಿಜ. ಆದರೆ ನಿಜವಾದ ಪ್ರಮಾಣ ಇರುವುದು ಉದ್ದದಲ್ಲಲ್ಲ, ಕಟ್ಟಿನ ಒತ್ತಿನಲ್ಲಿ. ಅದೇ ಮೊಳ ಸಡಿಲವಾದರೆ ಹೂವು ಕಡಿಮೆ, ಒತ್ತಾದರೆ ಹೆಚ್ಚು. ಕೊಳ್ಳುವವರು ದಾರವನ್ನು ಎತ್ತಿ ಹಿಡಿದು ನೋಡುವುದು ಇದಕ್ಕೇ. ವರಮಹಾಲಕ್ಷ್ಮಿ, ಆಯುಧಪೂಜೆಯ ಹಿಂದಿನ ದಿನ ದರ ಏರಿದಾಗ ಪಳಗಿದ ಗಿರಾಕಿ ದರಕ್ಕಿಂತ ಮೊದಲು ಒತ್ತನ್ನು ಗಮನಿಸುತ್ತಾಳೆ. ನಿತ್ಯದ ಪರಿಚಯವಿಲ್ಲದೆ ಇಂಥ ವ್ಯಾಪಾರ ಬಾಳುವುದಿಲ್ಲ. ಗುರುಗ್ರಾಮದ ಖಾಂಡ್ಸಾ ಮಂಡಿಯಂಥ ಸಗಟು ಅಂಗಳದಲ್ಲಿ ಮಾಲು ಆಢತಿಗಳೆಂಬ ಕಮಿಷನ್ ದಲ್ಲಾಳಿಗಳ ಮೂಲಕ ಮೂಟೆಗಟ್ಟಲೆ ಕೈ ಬದಲಾಗುತ್ತದೆ. ಮೊಳದ ವ್ಯವಹಾರಕ್ಕೆ ಅಲ್ಲಿ ಜಾಗವಿಲ್ಲ.

ದೇವರಾಜದ ಮಿತಿಯೂ ಇದೆ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಬಾಡಿಗೆ ಮಳಿಗೆಯವರು, ಬೆಳೆದವರಲ್ಲ. ತರಕಾರಿಯ ದೊಡ್ಡ ಸಗಟು ವಹಿವಾಟು ಬಂಡೀಪಾಳ್ಯದ ಎಪಿಎಂಸಿಗೆ ಸೇರಿದ್ದು. ಆದರೂ ಭೌಗೋಳಿಕ ಸೂಚ್ಯಂಕ ಪಡೆದ ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆಗೆ ಊರಿನ ನಡುವೆ ಗಿರಾಕಿ ಸಿಗುವ ಹಳೆಯ ನೆಲೆ ಇದೇ.

2016ರ ಆಗಸ್ಟಿನಲ್ಲಿ ದುರಸ್ತಿಯ ವೇಳೆ ಕಟ್ಟಡದ ಒಂದು ಭಾಗ ಕುಸಿದ ಮೇಲೆ ಚರ್ಚೆ ಎರಡು ಹೋಳಾಯಿತು. ಪಾರಂಪರಿಕ ತಜ್ಞರು ಗಾರೆ, ಕಮಾನು, ಮುಂಭಾಗವನ್ನು ಉಳಿಸಿ ಎಂದರು; ಎದುರು ಬಣ ಕೆಡವಿ ಹೊಸದು ಕಟ್ಟಿ ಎಂದಿತು. ವಿವಾದ ಹೈಕೋರ್ಟನ್ನೂ ತಲುಪಿತು. ಉಳಿಸಿ ಎಂದವರ ಕಾಳಜಿ ದೊಡ್ಡದು, ಆದರೆ ಅವರ ವಾದ ಅರ್ಧದಲ್ಲೇ ನಿಂತಿದೆ: ಮುಂಭಾಗ ಉಳಿದು ಹೂವಿನ ಸಾಲು ಮೇಲಿನ ಅಂತಸ್ತಿಗೆ ಹೋದರೆ ಉಳಿದದ್ದು ಮಾರುಕಟ್ಟೆಯಲ್ಲ. ಕೆಡವಿ ಎಂದವರಂತೂ ಮಳಿಗೆಗಳ ಚದರಡಿಯನ್ನಷ್ಟೇ ಎಣಿಸಿದರು. ಜೀರ್ಣೋದ್ಧಾರವಾಗಲಿ, ಹೊಸ ಕಟ್ಟಡವಾಗಲಿ, ನಕ್ಷೆಯಲ್ಲಿ ಮೊದಲು ಗುರುತಾಗಬೇಕಾದದ್ದು ನೆಲಮಟ್ಟದಲ್ಲಿ, ರಸ್ತೆಗೆ ಹತ್ತಿರವಾಗಿ, ಹೂವು ಮತ್ತು ಎಲೆ ಮಾರುವವರ ಜಾಗ.