ಪತ್ತಾರರ ಮಣೆ: ಗುಂಜಿ ತಪ್ಪದ ಅಚ್ಚುಕಟ್ಟು

ಪತ್ತಾರರ ಮನೆಯ ಪಡಸಾಲೆಯಲ್ಲಿರುವ ಕೆಲಸದ ಮಣೆಯನ್ನು ಮೊದಲ ಸಲ ನೋಡಿದವರು ಅದನ್ನು ಅಚ್ಚುಕಟ್ಟು ಎನ್ನಲಾರರು. ಮಸಿ ಹಿಡಿದ ಅಗ್ಗಿಷ್ಟಿಕೆ, ಅಂಚು ಸವೆದ ಮರ, ಕಂಠ ಒಡೆದ ಬಟ್ಟಲಲ್ಲಿ ಬಿಳಿಗಾರದ ನೀರು, ಒಂದರ ಮೇಲೊಂದು ಬಿದ್ದ ಅರ, ಇಕ್ಕಳ, ಚಿಮಟಿಗೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಬಜಾರುಗಳಲ್ಲಿ ಈಗ ಗಾಜಿನ ಮುಖದ, ತಂಪು ಗಾಳಿಯ ಬಂಗಾರದ ಅಂಗಡಿಗಳೇ ಎದ್ದು ಕಾಣುವಾಗ, ಈ ಮಣೆಯ ಮುಂದೆ ಕೂರಲು ಹೊಸಬರು ಹಿಂದೆಮುಂದೆ ನೋಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಕೆಲಸದ ದೃಷ್ಟಿಯಿಂದ ಇಷ್ಟು ಒಪ್ಪವಾದ ಜಾಗ ಈ ಮೂರೂ ಊರಲ್ಲಿ ಸಿಗುವುದು ಕಷ್ಟ. ಆದರೆ ಆ ಒಪ್ಪ ಓರಣವೆಲ್ಲ ಚಿನ್ನದ ಪರವಾಗಿದೆಯೇ ಹೊರತು, ಅದರ ಮುಂದೆ ಜೀವಮಾನವಿಡೀ ಬಗ್ಗಿ ಕೂತವರ ಪರವಾಗಿಲ್ಲ. ನನ್ನ ಮೆಚ್ಚುಗೆಯೂ ಅಲ್ಲಿದೆ, ತಕರಾರೂ ಅಲ್ಲಿದೆ.

ಮೊದಲು ಮೆಚ್ಚುಗೆ. ಪತ್ತಾರರು ನೆಲದ ಮೇಲೆ ಕೂರುತ್ತಾರೆ. ಎದುರಿಗೆ ಅಡಿಗಲ್ಲು, ಒಂದು ಬದಿಗೆ ಬೆಂಕಿ, ಇನ್ನೊಂದು ಬದಿಗೆ ನೀರು. ಏಳದೆ, ತಿರುಗದೆ, ಕೈ ಚಾಚಿದರೆ ಬೇಕಾದದ್ದು ಸಿಗಬೇಕು. ನಮ್ಮ ಕಣ್ಣಿಗೆ ಚೆಲ್ಲಾಪಿಲ್ಲಿಯಾಗಿ ಬಿದ್ದ ಇಕ್ಕಳಗಳಿಗೆ ಅವರ ಕೈಯಲ್ಲಿ ವಿಳಾಸವಿದೆ. ಒಂದನ್ನು ಎತ್ತಿ ಬೇರೆಡೆ ಇಟ್ಟು ನೋಡಿ. ತಲೆ ಎತ್ತದೆಯೇ ಕೈ ಹಳೆಯ ಜಾಗಕ್ಕೆ ಹೋಗಿ ಬರಿದೇ ತಡಕಾಡುತ್ತದೆ. ಅರ ಹಾಕುವ ಮರದ ತುಂಡಿನ ಕೆಳಗೆ ಅಂಚು ಎತ್ತರಿಸಿದ ತಟ್ಟೆ ಇರುತ್ತದೆ, ತೊಡೆಯ ಮೇಲೊಂದು ದಪ್ಪ ಬಟ್ಟೆ. ಅರ ಹಿಂದಕ್ಕೂ ಮುಂದಕ್ಕೂ ಹೋದಾಗ ಉದುರುವ ಪುಡಿ ತಟ್ಟೆಗೆ, ತಪ್ಪಿದರೆ ಬಟ್ಟೆಗೆ, ಅದೂ ತಪ್ಪಿದರೆ ಚಾಪೆಗೆ. ಒಂದೊಂದು ಕೆಲಸ ಮುಗಿದಾಗಲೂ ಸಣ್ಣ ಕುಂಚದಿಂದ ಪುಡಿ ಗುಡಿಸಿ ಡಬ್ಬಿಗೆ ಹಾಕಿ, ಆಮೇಲೆಯೇ ಮುಂದಿನದು. ತಕ್ಕಡಿ ಗಾಜಿನ ಪೆಟ್ಟಿಗೆಯೊಳಗೆ. ಮೇಲೆ ಫ್ಯಾನ್ ಇದ್ದರೂ ತಿರುಗುವುದಿಲ್ಲ. ಏಪ್ರಿಲ್ ತಿಂಗಳ ರಾಣೆಬೆನ್ನೂರಿನಲ್ಲಿ, ಮೊಣಕಾಲ ಬಳಿ ಕೆಂಡ ಇಟ್ಟುಕೊಂಡು, ಫ್ಯಾನ್ ಬಂದ್ ಮಾಡಿ ಕೂರುವುದೆಂದರೆ ಏನೆಂದು ಆ ಊರಿನವರಿಗೇ ಗೊತ್ತು.

ಈ ಪದ್ಧತಿಯ ಜೀವಾಳ ಒಂದು ಕಟ್ಟುನಿಟ್ಟು: ಮಣೆಯ ಮೇಲೆ ಒಂದು ಹೊತ್ತಿಗೆ ಒಬ್ಬರದೇ ಚಿನ್ನ. ಗೌಡರ ಮನೆಯ ಬಳೆ ಮುಗಿದು, ತೂಗಿ, ಪೊಟ್ಟಣ ಕಟ್ಟುವವರೆಗೆ ಶೆಟ್ಟರ ಮನೆಯ ಝುಮಕಿಯ ಪೊಟ್ಟಣ ಬಿಚ್ಚುವಂತಿಲ್ಲ. 22 ಕ್ಯಾರೆಟ್‌ನ ಪುಡಿಗೆ 18 ಕ್ಯಾರೆಟ್‌ನ ಚೂರು ಬೆರೆತರೆ ಕಣ್ಣಿಗೆ ಕಾಣುವುದಿಲ್ಲ, ಕರಗಿಸಿ ಎರಕ ಹೊಯ್ದ ಮೇಲಂತೂ ದೇವರಿಗೂ ಬೇರ್ಪಡಿಸಲಾಗದು. ತಪ್ಪು ತಯಾರಾದ ಒಡವೆಯೊಳಗೆ ಅಡಗಿ ಕೂರುತ್ತದೆ; ಹತ್ತು ವರ್ಷದ ಮೇಲೆ ಯಾರೋ ಅದನ್ನು ಒತ್ತೆ ಇಡಲು ಹೋದಾಗ, ಅಥವಾ ಮಗಳ ಮದುವೆಗೆ ಮುರಿಸುವಾಗ ಹೊರಗೆ ಬರುತ್ತದೆ.

ಇದೇ ಕಟ್ಟುನಿಟ್ಟು ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಪೂರ್ತಿ ಬೇರೆಯೇ ಮೇಜಿನ ಮೇಲೆ ಇದೆ. ಅಮೆರಿಕದಲ್ಲಿ ಗುರಿಕಾರರು ಸಿಡಿಸಿದ ಖಾಲಿ ತೋಟಾಗಳಿಗೆ ಮನೆಯಲ್ಲೇ ಹೊಸ ಕೇಪು ಕೂರಿಸಿ, ಮದ್ದು ಅಳೆದು, ಗುಂಡು ಒತ್ತಿ ಮತ್ತೆ ಬಳಸುತ್ತಾರೆ. ಅವರ ಮೇಜಿನ ಮೊದಲ ಪಾಠವೂ ಇದೇ: ಒಂದು ಹೊತ್ತಿಗೆ ಒಂದೇ ಬಗೆಯ ಮದ್ದಿನ ಡಬ್ಬ ಎದುರಿಗಿರಲಿ, ಮಿಕ್ಕದ್ದು ಕಪಾಟಿಗೆ ಹೋಗಲಿ. ಅಲ್ಲಿಯೂ ತಪ್ಪು ಒಳಗೆ ಅಡಗುತ್ತದೆ, ಆದರೆ ಹೊರಬರುವಾಗ ಕೈಬೆರಳನ್ನೇ ಕೇಳಬಹುದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಹಾವೇರಿ ಜಿಲ್ಲೆಯ ಪಡಸಾಲೆಗಳಲ್ಲಿ ಅಂಥ ಮೇಜು ಹುಡುಕಬೇಕಾಗಿಲ್ಲ. ಆ ಮೇಜನ್ನು ಇಲ್ಲಿ ನೆನೆದದ್ದು ಅದರ ಎರಡನೆಯ ಪಾಠಕ್ಕಾಗಿ. ಗುಂಡಿನಲ್ಲಿಯೂ ಕೇಪಿನಲ್ಲಿಯೂ ಸೀಸವಿರುವುದರಿಂದ ಅವರು ಆ ಮೇಜಿನ ಹತ್ತಿರ ಚಹಾ, ತಿಂಡಿ ತರುವಂತಿಲ್ಲ. ಎದ್ದ ಕೂಡಲೇ ಕೈ ತೊಳೆಯಬೇಕು. ಅಂದರೆ ಅವರ ಅಚ್ಚುಕಟ್ಟಿನಲ್ಲಿ ಕೆಲಸಗಾರನ ಮೈಗೂ ಒಂದು ಕಲಮು ಇದೆ. ಪತ್ತಾರರ ಮಣೆಯಲ್ಲಿ ಆ ಕಲಮು ಬರೆದವರಿಲ್ಲ.

ಅದಕ್ಕೆ ಬರುವ ಮುನ್ನ, ಎದುರಿಗೆ ಕೂತ ಗಿರಾಕಿಯ ವಿಷಯ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಈ ಕಸುಬಿನವರು ತಲೆಮಾರುಗಳಿಂದ ಕೇಳಿಸಿಕೊಂಡು ಬಂದಿದ್ದಾರೆ. ಕೇಳಿ ಸಾಕಾಗಿ ಅದಕ್ಕೊಂದು ಉತ್ತರ ಕಟ್ಟಿಕೊಂಡಿದ್ದಾರೆ ಎಂದರೆ ಅದು ಈ ತೆರೆದ ಮಣೆ. ಅಜ್ಜಿ ಸೊಂಟದ ಚೀಲದಿಂದ ಮುರಿದ ಬೋರಮಾಳ ತೆಗೆದು ಕೊಡುತ್ತಾಳೆ. ಎದುರಿಗೇ ತೂಗುತ್ತಾರೆ, ಎದುರಿಗೇ ಒರೆಗಲ್ಲಿಗೆ ತಿಕ್ಕುತ್ತಾರೆ. ಬೋರಮಾಳದ ಗುಂಡುಗಳು ಒಳಗೆ ಟೊಳ್ಳು, ಅರಗು ತುಂಬಿದವು. ಅರಗಿನ ತೂಕ ಎಷ್ಟು, ಬಂಗಾರದ್ದೆಷ್ಟು ಎಂಬುದೇ ಹಳೆಯ ಜಗಳ. ಒಪ್ಪವಾದ ಮಣೆಯಲ್ಲಿ ಅರಗು ಕಾಯಿಸಿ ತೆಗೆದು ಬೇರೆ ಬಟ್ಟಲಿಗೆ, ಬಂಗಾರ ಬೇರೆ ಬಟ್ಟಲಿಗೆ. "ನೋಡಬೇ ಯವ್ವಾ, ಇದು ನಿಂದು, ಇದು ಅರಗು" ಎಂದು ಎರಡನ್ನೂ ತೋರಿಸಿ ತೂಗಿದರೆ ಜಗಳಕ್ಕೆ ಜಾಗವೇ ಇಲ್ಲ. ಗಾಜಿನ ಅಂಗಡಿಯಲ್ಲಿ ಮುರಿದ ಸರ ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ, ವಾರದ ಮೇಲೆ ಸಣ್ಣ ಡಬ್ಬಿಯಲ್ಲಿ ಹೊಳೆಯುತ್ತ ಬರುತ್ತದೆ. ನಡುವೆ ಏನಾಯಿತೆಂದು ಕೇಳುವುದೇ ಒರಟುತನವಾಗುತ್ತದೆ. ಮುಂದಿನ ಕೋಣೆ ಸ್ವಚ್ಛವಾಗಿದೆ, ಒಪ್ಪುತ್ತೇನೆ. ಕೆಲಸ ನಡೆಯದ ಕೋಣೆಯನ್ನು ಸ್ವಚ್ಛವಾಗಿಡುವುದು ಹೆಚ್ಚುಗಾರಿಕೆಯಲ್ಲ.

ಬ್ಯಾಡಗಿಯಲ್ಲಿ ಮಣೆಯ ಪರೀಕ್ಷೆ ಇನ್ನೂ ಕಠಿಣ. ಸಂಕ್ರಾಂತಿಯಿಂದ ಯುಗಾದಿಯ ಆಚೆಗೆ ಊರಿಗೆ ಊರೇ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಹಾಗಂತ ಅದರ ಘಾಟು ಮೂಗನ್ನು ಬಿಡುವುದಿಲ್ಲ. ಸೋಮವಾರ, ಗುರುವಾರ ಎಪಿಎಂಸಿಯಲ್ಲಿ ಚೀಲ ಬಿಚ್ಚಿದರೆ ಬೀದಿಗೆಲ್ಲ ಧೂಳು. ಕಾಯಿ ಮಾರಿದ ದುಡ್ಡಿನಲ್ಲಿ ಹೆಂಡತಿಗೆ ಗುಂಡಿನ ಟೀಕಿ ಮಾಡಿಸಲು ಬಂದ ರೈತನ ಅಂಗಿಯಲ್ಲೂ ಅದೇ ಘಾಟು. ಎಂಟು ಗುಂಜಿಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲಿ ಎಂಬುದು ಹಿಂದಿನ ಲೆಕ್ಕ. ತೊಲಿ ಎಂದರೆ 11.66 ಗ್ರಾಂ, ಗುಂಜಿ ಎಂದರೆ ಸುಮಾರು 0.12 ಗ್ರಾಂ. ಆ ಗುಂಜಿಯಷ್ಟು ಪುಡಿ ಕುಂಚದ ತುದಿಯಲ್ಲಿರುವಾಗ ಒಂದು ಸೀನು ಬಂದರೆ? ಅದಕ್ಕೇ ಅಲ್ಲಿನ ಜಾಣರು ತಟ್ಟೆಗೆ ಮುಚ್ಚಳ ಇಟ್ಟುಕೊಂಡಿರುತ್ತಾರೆ. ಗಿರಾಕಿ ಹೊಸ್ತಿಲು ದಾಟುವಾಗಲೇ ಮುಚ್ಚಳ ಮುಚ್ಚುತ್ತಾರೆ. ಮರ್ಯಾದೆಗೆ ಮುಚ್ಚಿದರೆಂದು ಗಿರಾಕಿ ತಿಳಿಯುತ್ತಾನೆ.

ಮಣೆಯಿಂದ ತಪ್ಪಿಸಿಕೊಂಡದ್ದಕ್ಕೂ ಇಲ್ಲಿ ಲೆಕ್ಕವಿದೆ. ಕೈ ತೊಳೆದ ನೀರನ್ನು ಚೆಲ್ಲದೆ ತಿಳಿಯಾಗಲು ಬಿಡುತ್ತಾರೆ. ಹಳೆಯ ಚಾಪೆ, ತೊಡೆಯ ಬಟ್ಟೆ, ಸವೆದ ಪೊರಕೆ, ಇವನ್ನು ಎಸೆಯುವುದಿಲ್ಲ. ಸುಟ್ಟು ಬೂದಿಯಿಂದ ಬಂಗಾರ ತೆಗೆಯುತ್ತಾರೆ. ಅದನ್ನೂ ಮೀರಿ ಚಪ್ಪಲಿಗೆ, ಗಾಳಿಗೆ ಅಂಟಿ ಗಟಾರು ಸೇರಿದ್ದಕ್ಕೆ ಜಾಲಗಾರರಿದ್ದರು. ಕಪ್ಪತಗುಡ್ಡದ ಹಳ್ಳಗಳ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದ ಜನ ಇವರು. ಸರಾಫರ ಓಣಿಯ ಕಸ ಗುಡಿಸಿ, ಮರಿಗೆಯಲ್ಲಿ ತೊಳೆದು, ಅಡಿಯಲ್ಲಿ ನಿಂತ ಕಪ್ಪು ಮರಳಿನಿಂದ ಹೊಟ್ಟೆ ಹೊರೆಯುವುದೂ ಅದೇ ವಿದ್ಯೆಯೇ. ಒಂದು ಕಸುಬಿನ ಕಸವೇ ಇನ್ನೊಂದರ ಕಚ್ಚಾಮಾಲಾಗುವಷ್ಟು ಬಿಗಿಯಾದ ಏರ್ಪಾಟು ಅದು. ಇಷ್ಟಾಗಿಯೂ ಸರಕಾರಕ್ಕೆ ನಂಬಿಕೆ ಬರಲಿಲ್ಲ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿಯಾಗಿದ್ದಾಗ ಬಂದ ಚಿನ್ನ ನಿಯಂತ್ರಣ ಆಜ್ಞೆ 14 ಕ್ಯಾರೆಟ್‌ಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡುವುದನ್ನೇ ನಿಲ್ಲಿಸಿತು. ದೇಶದ ತುಂಬ ಅಕ್ಕಸಾಲಿಗರ ಬೆಂಕಿ ಆರಿತು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. 1968ರ ಕಾಯ್ದೆಯ ಜೊತೆ ಪ್ರಮಾಣಪತ್ರ, ಲೆಕ್ಕದ ಪುಸ್ತಕ ಬಂದವು. 1990ರಲ್ಲಿ ಆ ಕಾಯ್ದೆ ರದ್ದಾಯಿತು.

ಇನ್ನು ತಕರಾರು. ಹಿಂದೆ ಒಡವೆಯ ಮಸಿ ತೆಗೆಯಲು ಹುಣಸೆಹುಳಿಯ ನೀರು, ಹೊಳಪಿಗೆ ಅಂಟುವಾಳದ ನೊರೆ ಸಾಕಾಗುತ್ತಿತ್ತು. ಅವು ಇಂದಿಗೂ ಇವೆ. ಅವುಗಳ ಪಕ್ಕದಲ್ಲೇ ತೇಜಾಬಿನ ಬಾಟಲಿಯೂ ಇದೆ. ಬಹಳ ಮನೆಗಳಲ್ಲಿ ಅದು ತಂಪುಪಾನೀಯದ ಹಳೆಯ ಬಾಟಲಿ, ಮೇಲೆ ಚೀಟಿಯಿಲ್ಲ, ಜಿನೆಯ ಕೆಳಗೆ ಅಥವಾ ಬಚ್ಚಲ ಗೂಡಿನಲ್ಲಿ, ಮಕ್ಕಳ ಕೈಗೆ ಎಟುಕುವಂತೆ. ಗುಂಜಿ ಪುಡಿಗೆ ಮುಚ್ಚಳವಿಟ್ಟ ಮನೆಯಲ್ಲಿ ಇದಕ್ಕೊಂದು ಬೀಗವಿಲ್ಲ! ಹಳೆಯ ಬಂಗಾರದಿಂದ ಬೆಳ್ಳಿ, ತಾಮ್ರ ಬೇರ್ಪಡಿಸಲು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿದಾಗ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಅದರ ಮೋಸವೆಂದರೆ ಕುಡಿದ ಹೊತ್ತಿನಲ್ಲಿ ಸ್ವಲ್ಪ ಕೆಮ್ಮು ಬಂದು ಸುಮ್ಮನಾಗುತ್ತದೆ. ಕೆಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಪುಡಿಯಿಂದ ಬಂಗಾರ ಹಿಡಿಯಲು ಪಾದರಸ ಸೇರಿಸಿ, ಆಮೇಲೆ ಅದನ್ನು ಬೆಂಕಿಗೆ ಹಿಡಿದು ಹಾರಿಸುವವರೂ ಇದ್ದಾರೆ. ಹಾರಿದ ಪಾದರಸ ಎಲ್ಲಿಗೆ ಹೋಯಿತು? ಪಡಸಾಲೆಯ ಗೋಡೆಗೆ, ಚಾಪೆಗೆ, ಒಳಗೆ ತೊಟ್ಟಿಲಲ್ಲಿ ಮಲಗಿದ ಕೂಸಿನ ಮೂಗಿಗೆ.

ಕೆಡಿಎಂ ಎಂಬ ಮೂರು ಅಕ್ಷರವನ್ನು ಶುದ್ಧತೆಯ ಮುದ್ರೆಯೆಂದು ನಂಬಿದ ಗಿರಾಕಿಗಳು ಈಗಲೂ ಸಿಗುತ್ತಾರೆ. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆ. ಕ್ಯಾಡ್ಮಿಯಂ ಸುಮಾರು 767 ಡಿಗ್ರಿಗೇ ಕುದಿದು ಆವಿಯಾಗುವುದರಿಂದ ಒಡವೆಯಲ್ಲಿ ಉಳಿಯುವುದು ಕಡಿಮೆ, ಬಂಗಾರದ ಶುದ್ಧತೆ ಕೆಡುವುದಿಲ್ಲ, ಗಿರಾಕಿಗೆ ಲಾಭ. ಆವಿಯಾದದ್ದು ಊದುಗೊಳವಿ ಹಿಡಿದವರ ಎದೆಗೂ ಅಲ್ಲಿಂದ ಮೂತ್ರಪಿಂಡಕ್ಕೂ ಹೋಗುತ್ತದೆ. ಭಾರತೀಯ ಮಾನಕ ಬ್ಯೂರೋ ಇಂಥ ಬೆಸುಗೆಯನ್ನು ಒಪ್ಪುವುದಿಲ್ಲ. 2021ರ ಜೂನ್‌ನಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗಿದೆ, 2023ರ ಏಪ್ರಿಲ್‌ನಿಂದ ಆರು ಅಕ್ಷರ-ಅಂಕಿಗಳ ಗುರುತಿಲ್ಲದೆ ಒಡವೆ ಮಾರುವಂತಿಲ್ಲ. ಒಳ್ಳೆಯದೇ. ಆದರೆ ವರ್ಷಕ್ಕೆ 40 ಲಕ್ಷ ರೂಪಾಯಿಯೊಳಗಿನ ವಹಿವಾಟಿನವರಿಗೆ ವಿನಾಯಿತಿ. ಮನೆಯ ಮಣೆಗಳಲ್ಲಿ ಹೆಚ್ಚಿನವು ಆ ಸಾಲಿಗೇ ಬರುತ್ತವೆ. ಅಲ್ಲದೆ ಹಾಲ್‌ಮಾರ್ಕ್ ನೋಡುವುದು ಬಳೆಯನ್ನು, ಬಳೆ ಮಾಡಿದವರ ಎದೆಯನ್ನಲ್ಲ.

ಸ್ವಚ್ಛ ಮಾಡುವ ದಿನವೊಂದು ಇದ್ದೇ ಇದೆ. ಅನೇಕ ಪತ್ತಾರರು ಅಮಾವಾಸ್ಯೆಗೆ ಮಣೆ ಹಚ್ಚುವುದಿಲ್ಲ, ಅಂದು ಗುಡಿಸಿ ಸಾರಿಸುತ್ತಾರೆ. ಖಂಡೇ ಪೂಜೆಗಂತೂ ಇಕ್ಕಳ, ಅರ, ಕಂಬಚ್ಚು ಎಲ್ಲ ತಿಕ್ಕಿ ತೊಳೆದು ವಿಭೂತಿ ಹಚ್ಚಿ ಸಾಲಾಗಿ ಇಟ್ಟಿರುತ್ತಾರೆ. ಮರುದಿನ ಊರೆಲ್ಲ ಬನ್ನಿ ಎಲೆ ಹಂಚಿ ಬಂಗಾರದಂಗ ಇರೂಣು ಎನ್ನುವಾಗ ಇವರ ಮನೆಗೆ ಬರುವವರೂ ಹೆಚ್ಚು. ಪೂಜೆ ನೋಡಲು ಚೆಂದ. ತೇಜಾಬಿನ ಬಾಟಲಿಗೆ ಮಾತ್ರ ಯಾರೂ ವಿಭೂತಿ ಹಚ್ಚುವುದಿಲ್ಲ. ಅದು ಆಯುಧಗಳ ಸಾಲಿನಲ್ಲಿ ಇಲ್ಲ, ಕಸದ ಸಾಲಿನಲ್ಲೂ ಇಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಎಂದು ಹೇಳುವುದು ಸುಲಭ. ಹೇಳಿದವರು ಮಣೆಯನ್ನು ಅರ್ಥ ಮಾಡಿಕೊಂಡಿಲ್ಲ. ಎದೆಗೆ ಬೇಕಾದ ಗಾಳಿಯೇ ಪುಡಿಗೆ ವೈರಿ. ಬಲವಾದ ಫ್ಯಾನು ಹೊಗೆಯ ಜೊತೆ ಬಂಗಾರವನ್ನೂ ಎಳೆಯುತ್ತದೆ, ತಕ್ಕಡಿಯ ಮುಳ್ಳನ್ನೂ ಕುಣಿಸುತ್ತದೆ. ಹಾಕಿಸಿದವರೂ ಎರಡನೆಯ ವಾರಕ್ಕೆ ಗುಂಡಿ ಒತ್ತುವುದನ್ನು ಬಿಡುತ್ತಾರೆ. ದಾರಿ ಇರುವುದು ಮಣೆಯನ್ನು ಇಬ್ಭಾಗ ಮಾಡುವುದರಲ್ಲಿ: ಅರ, ತೂಕ, ಜೋಡಣೆ ಪಡಸಾಲೆಯಲ್ಲಿ, ತೇಜಾಬು ಮತ್ತು ಕರಗಿಸುವ ಕೆಲಸ ಹಿತ್ತಲಲ್ಲಿ, ಹೊಗೆ ಮೇಲಕ್ಕೆ ಎಳೆಯುವ ಗೂಡಿನ ಕೆಳಗೆ. ಒಬ್ಬರದೇ ಚಿನ್ನ ಎಂಬ ಕಟ್ಟುನಿಟ್ಟನ್ನು ಇಷ್ಟು ಕಾಲ ಪಾಲಿಸಿದವರಿಗೆ ಒಂದೇ ಬಗೆಯ ಕೆಲಸ ಎಂಬ ಇನ್ನೊಂದನ್ನು ಸೇರಿಸುವುದು ದೊಡ್ಡದಲ್ಲ. ಅಡ್ಡಿಯಾಗಿರುವುದು ನಂಬಿಕೆಯ ಪ್ರಶ್ನೆ. ಗಿರಾಕಿಯ ಬಂಗಾರವನ್ನು ಹಿತ್ತಲಿಗೆ ಒಯ್ದರೆ ಆ ಹಳೆಯ ಗಾದೆ ಮತ್ತೆ ಬಾಯಿ ತೆರೆಯುತ್ತದೆ. ಹಾಗಾಗಿ ಗಿರಾಕಿಯೂ ಎದ್ದು ಹಿತ್ತಲಿಗೆ ಹೋಗಿ, ದೂರದಲ್ಲಿ ನಿಂತು ನೋಡುವ ರೂಢಿ ಬರಬೇಕು.

ಸದ್ಯಕ್ಕೆ ಲೆಕ್ಕ ಎದುರು ದಿಕ್ಕಿಗೆ ಹೊರಳಿದೆ. 2025ರಲ್ಲಿ ಹತ್ತು ಗ್ರಾಂ ಬಂಗಾರ ಒಂದು ಲಕ್ಷ ರೂಪಾಯಿ ದಾಟಿತು. ಅಂದರೆ ಕುಂಚದ ತುದಿಯ ಒಂದು ಗುಂಜಿ ಪುಡಿಗೆ ಸಾವಿರದ ಇನ್ನೂರು ರೂಪಾಯಿಯ ಮೇಲೆ. ಈ ದರದಲ್ಲಿ ಫ್ಯಾನ್ ಹಾಕೆಂದರೆ ಯಾರು ಕೇಳುತ್ತಾರೆ? ಹೊಸ ಬಂಗಾರ ಕೊಳ್ಳಲಾಗದವರು ಅಜ್ಜಿಯ ಬುಗುಡಿ, ಬಿಲ್ವಾರ ಮುರಿಸಿ ಮಗಳಿಗೆ ಸರ ಮಾಡಿಸುತ್ತಾರೆ. ಮುರಿಸುವುದೆಂದರೆ ಕರಗಿಸುವುದು, ಕರಗಿಸುವುದೆಂದರೆ ಮತ್ತಷ್ಟು ಬೆಸುಗೆಯ ಆವಿ, ಮತ್ತಷ್ಟು ತೇಜಾಬು. ಆ ಹಳೆಯ ಒಡವೆಯ ಬೆಸುಗೆ ಕೆಡಿಎಂ ಕಾಲದ್ದೋ ಎಂದು ಕರಗಿಸುವ ಮುನ್ನ ಕೇಳುವ ಪತ್ತಾರರು ಕಡಿಮೆ, ಹೇಳಬಲ್ಲ ಗಿರಾಕಿ ಇನ್ನೂ ಕಡಿಮೆ.