ನಿಸ್ತಂತು ಸಂವೇದಕಗಳೂ ಕಟ್ಟಡಗಳ ನಿಯಂತ್ರಣವೂ: ಒಂದು ವಿಮರ್ಶೆ

ಗಾಳಿ, ಭೂಕಂಪಗಳಿಗೆ ಎದುರಾಗಿ ಕಟ್ಟಡವನ್ನು ಬಲಪಡಿಸಿ ನಿಲ್ಲಿಸಿದರಷ್ಟೇ ಸಾಲದು. ಅದರ ಚಲನೆಯನ್ನು ಅಳೆದು, ತಕ್ಕ ಪ್ರತಿಬಲವನ್ನು ಪ್ರಯೋಗಿಸಿ ಹತೋಟಿಯಲ್ಲಿಡಬೇಕೆಂಬ ವಿಚಾರವನ್ನು 1972ರಲ್ಲಿ ಜೆ. ಟಿ. ಪಿ. ಯಾವೊ ಅವರು ಮಂಡಿಸಿದರು. 1989ರಲ್ಲಿ ಟೋಕಿಯೋ ನಗರದ ಕ್ಯೋಬಾಶಿ ಸೇಯ್ವಾ ಕಟ್ಟಡದಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಹನ್ನೊಂದು ಅಂತಸ್ತಿನ, ಸುಮಾರು ನಾಲ್ಕೇ ಮೀಟರು ಅಗಲದ ಆ ಕಟ್ಟಡದ ನೆತ್ತಿಯಲ್ಲಿ ಯಂತ್ರಚಾಲಿತವಾದ ಎರಡು ಭಾರಗಳನ್ನು ಇರಿಸಲಾಗಿತ್ತು: ದೊಡ್ಡದು ಪಕ್ಕದ ತೂಗಾಟಕ್ಕೆ, ಚಿಕ್ಕದು ತಿರುಚುವಿಕೆಗೆ. ಅನಂತರ ಬಂದ ಸಂಶೋಧಕರು ತಂತಿಗಳನ್ನು ತೆಗೆದುಹಾಕಿ ಆ ಸ್ಥಾನದಲ್ಲಿ ನಿಸ್ತಂತು ಸಂವೇದಕಗಳ ಜಾಲವನ್ನು ನಿಲ್ಲಿಸಬಯಸಿದರು. ಖರ್ಚಿನ ದೃಷ್ಟಿಯಿಂದ ಈ ಬಯಕೆ ನ್ಯಾಯವಾದುದೇ.

ಆದರೆ ಈ ವಿಷಯದ ಬರಹಗಳಲ್ಲಿ ಕಟ್ಟಡವನ್ನು ಪರೀಕ್ಷಿಸುವುದನ್ನೂ ನಿಯಂತ್ರಿಸುವುದನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಬೆಳೆದಿದೆ. 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಮೇಲೆ 64 ನಿಸ್ತಂತು ಘಟಕಗಳನ್ನು ಹೂಡಿ ಕಂಪನವನ್ನು ಅಳೆದ ಪ್ರಯೋಗವು ನಿಜವಾಗಿಯೂ ಶ್ಲಾಘ್ಯವಾದುದು. ಅಲ್ಲಿ ಅಳತೆಗಳನ್ನು ಮೊದಲು ಘಟಕದಲ್ಲಿಯೇ ಕೂಡಿಟ್ಟು, ಬಳಿಕ ನಿಧಾನವಾಗಿ ರವಾನಿಸಲಾಯಿತು; ಕಳೆದುಹೋದ ಸಂದೇಶವನ್ನು ಮತ್ತೆ ಕೇಳಿ ಪಡೆಯಬಹುದಾಗಿತ್ತು. ಪರೀಕ್ಷಕನಿಗೆ ಕಾಲವಿದೆ, ನಿಯಂತ್ರಕನಿಗೆ ಅದಿಲ್ಲ.

ಒಂದು ಸೆಕೆಂಡು ಆಂದೋಲನಾವಧಿಯುಳ್ಳ ಕಟ್ಟಡವನ್ನು ತೆಗೆದುಕೊಳ್ಳೋಣ. ಕಂಪನವನ್ನು ತಣಿಸುವ ಬಲವು ವೇಗಕ್ಕೆ ವಿರುದ್ಧವಾಗಿರಬೇಕಷ್ಟೆ. ಸಂದೇಶವು ಕಾಲು ಸೆಕೆಂಡು ತಡವಾದರೆ ಆ ಬಲವು ಕಟ್ಟಡವನ್ನು ತುಸು ಬಿಗಿಯಾಗಿಸುವುದೇ ಹೊರತು ಕಂಪನವನ್ನು ತಣಿಸದು. ಅರ್ಧ ಸೆಕೆಂಡು ತಡವಾದರೆ, ಉಯ್ಯಾಲೆಯನ್ನು ಹದವರಿತು ನೂಕುವವನಂತೆ, ತೂಗಾಟವನ್ನು ಬೆಳೆಸುವುದು. 0.1 ಸೆಕೆಂಡಿನ ವಿಳಂಬವು ಇಲ್ಲಿ ಸಹ್ಯವೆನಿಸಬಹುದು. ಆದರೆ ಅದೇ ಕಟ್ಟಡದಲ್ಲಿ 0.2 ಸೆಕೆಂಡು ಅವಧಿಯ ಇನ್ನೊಂದು ಕಂಪನರೀತಿಯೂ ಇದ್ದರೆ, ಅದಕ್ಕೆ ಈ ವಿಳಂಬ ಸರಿಯಾಗಿ ಅರ್ಧ ಆವರ್ತನ! ಮೊದಲನೆಯದನ್ನು ಶಮನಗೊಳಿಸುವ ಆಜ್ಞೆಯೇ ಎರಡನೆಯದನ್ನು ಕೆರಳಿಸುವುದು. ಮೊದಲ ರೀತಿಯೊಂದರ ಫಲಿತಾಂಶವನ್ನೇ ಮುದ್ರಿಸಿ ತೃಪ್ತರಾಗುವ ಲೇಖಕರು ಇದಕ್ಕೆ ಉತ್ತರ ಹೇಳಬೇಕಾಗಿದೆ.

ತೈವಾನಿನಲ್ಲಿ ಲಿಂಚ್, ವಾಂಗ್ ಮೊದಲಾದವರು ಮೂರು ಅಂತಸ್ತಿನ ಉಕ್ಕಿನ ಚೌಕಟ್ಟನ್ನು ಕಂಪನವೇದಿಕೆಯ ಮೇಲಿಟ್ಟು ನಡೆಸಿದ ಪ್ರಯೋಗಗಳು ಈ ತೊಡಕನ್ನು ಮರೆಮಾಚದೆ ಎದುರಿಸಿರುವುದರಿಂದ ಹೆಚ್ಚು ಬೆಲೆಯುಳ್ಳವು. ಎಲ್ಲ ಅಂತಸ್ತುಗಳ ವಾರ್ತೆಗೂ ಕಾಯುವ ಬದಲು, ಆಯಾ ಅಂತಸ್ತಿನ ಘಟಕವು ತನ್ನ ಅಳತೆಯಿಂದಲೇ ತೀರ್ಮಾನಿಸಿದರೆ ತಿಳಿವಳಿಕೆ ಕುಗ್ಗುವುದು, ವೇಗ ಹೆಚ್ಚುವುದು. ಈ ವಿನಿಮಯವನ್ನೇ ಅವರು ಪರೀಕ್ಷೆಗೊಡ್ಡಿದರು. ಅವರು ಬಳಸಿದ ಶಾಮಕಗಳಲ್ಲಿರುವುದು ಕಬ್ಬಿಣದ ಕಣಗಳುಳ್ಳ ದ್ರವ. ಕಾಂತಕ್ಷೇತ್ರದಿಂದ ಅದು ಗಟ್ಟಿಯಾಗುವುದು. ಇಂಥ ಶಾಮಕವು ಕಟ್ಟಡದ ಶಕ್ತಿಯನ್ನು ಹೀರಬಲ್ಲುದಲ್ಲದೆ ಅದಕ್ಕೆ ಶಕ್ತಿಯನ್ನು ತುಂಬಲಾರದು. ಆದಕಾರಣ ತಪ್ಪು ಆಜ್ಞೆ ಬಂದರೂ ಅಪಾಯ ಮಿತವಾದುದು. ಭಾರವನ್ನು ನೂಕುವ ಯಂತ್ರಕ್ಕೆ ಈ ಅಭಯವಿಲ್ಲ; ಭೂಕಂಪದ ಹೊತ್ತಿನಲ್ಲಿ ವಿದ್ಯುತ್ತೂ ಕೈಕೊಡಬಹುದು.

ಪರಿಸ್ಥಿತಿಗೆ ಹೊಂದಿಕೊಳ್ಳುವ ನಿಯಂತ್ರಣವೆಂಬ ಮಾತನ್ನಂತೂ ಇನ್ನಷ್ಟು ಎಚ್ಚರದಿಂದ ಬಳಸಬೇಕು. ಬಿರುಕು ಬಿಟ್ಟ ಕಟ್ಟಡದ ಬಿಗಿತ ಕುಗ್ಗಿ ಆಂದೋಲನಾವಧಿ ಹಿಗ್ಗುವುದು. ನಿಯಂತ್ರಕವು ಅದನ್ನು ಅರಿಯಬೇಕು ನಿಜ. ಆದರೆ ಅರಿಯುವುದಕ್ಕೆ ಕೆಲವು ಆವರ್ತನಗಳಾದರೂ ಬೇಕು, ಪ್ರಬಲ ಕಂಪನವೋ ಎಷ್ಟೋ ವೇಳೆ ಕೆಲವೇ ಹತ್ತು ಸೆಕೆಂಡುಗಳದು. ಮೇಲಾಗಿ, ಸಂವೇದಕಗಳ ಗಡಿಯಾರಗಳು ಪರಸ್ಪರ ತಪ್ಪಿದಾಗಲೂ ಸಂದೇಶಗಳು ಕಳೆದಾಗಲೂ ಉಂಟಾಗುವ ವ್ಯತ್ಯಾಸವನ್ನು ಕಟ್ಟಡದ ಹಾನಿಯೆಂದು ಅದು ಭ್ರಮಿಸೀತು. ಇಂಥ ಪ್ರಯೋಗವನ್ನು ಪ್ರಕಟಿಸುವವರು ಶಮನದ ರೇಖಾಚಿತ್ರದ ಪಕ್ಕದಲ್ಲಿಯೇ ಪ್ರತಿಯೊಂದು ಆಜ್ಞೆಯ ವಿಳಂಬವನ್ನೂ ಕಳೆದುಹೋದ ಸಂದೇಶಗಳ ಎಣಿಕೆಯನ್ನೂ ಕೊಡುವುದು ಅವಶ್ಯಕ.