ಖಾನನ ತಾಯಿ ಮತ್ತು ನಮ್ಮ ನೆರೆಹೊರೆ

'ಮೈ ನೇಮ್ ಈಸ್ ಖಾನ್' 2010ರಲ್ಲಿ ತೆರೆಕಂಡಾಗ ನಮ್ಮ ನಡುವೆ ಸಾಕಷ್ಟು ಚರ್ಚೆಯಾಯಿತು. ಚರ್ಚೆಯೆಲ್ಲವೂ ಖಾನ್ ಎಂಬ ಹೆಸರಿನ ಸುತ್ತಲೇ ಇತ್ತು. 2001ರ ಸೆಪ್ಟೆಂಬರ್ 11ರ ನಂತರದ ಅಮೆರಿಕದಲ್ಲಿ ಒಬ್ಬ ಮುಸ್ಲಿಮನು ತಾನು ಭಯೋತ್ಪಾದಕನಲ್ಲ ಎಂದು ಅಲ್ಲಿನ ಅಧ್ಯಕ್ಷರಿಗೆ ಹೇಳಲು ಊರೂರು ಅಲೆಯುವ ಕತೆ ಅದು. ಹೆಸರಿನ ಭಾರ ಏನೆಂದು ಬಲ್ಲ ನಮಗೆ ಅದು ನಮ್ಮದೇ ಕತೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಾನೂ ಅಂದು ಕಣ್ಣೊರೆಸಿಕೊಂಡೇ ಚಿತ್ರಮಂದಿರದಿಂದ ಹೊರಬಂದಿದ್ದೆ. ಕಥಾನಾಯಕ ರಿಜ್ವಾನ್ ಖಾನನಿಗೆ ಆಸ್ಪರ್ಜರ್ ಸಿಂಡ್ರೋಮ್ ಇದೆ ಎಂಬ ಸಂಗತಿಯನ್ನು ಮಾತ್ರ ಶಾರುಖ್ ಖಾನರ ನಟನೆಯ ಲೆಕ್ಕಕ್ಕೆ ಸೇರಿಸಿ ನಾವು ಮರೆತುಬಿಟ್ಟೆವು. ಆಗ ಆಟಿಸಂನ ಸೌಮ್ಯ ಬಗೆಯೆಂದು ತಿಳಿಯಲಾಗಿದ್ದ ಆ ಹೆಸರನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಕೈಬಿಟ್ಟಿತು. ಈಗ ಅದೆಲ್ಲವೂ ಆಟಿಸಂ ಎಂಬ ಒಂದೇ ಹೆಸರಿನಡಿ ಬರುತ್ತದೆ.

ಈ ಚಿತ್ರವನ್ನು ಇತ್ತೀಚೆಗೆ ನನ್ನ ಖಾಲಾರ ಮಗಳ ಮನೆಯಲ್ಲಿ ಮತ್ತೆ ನೋಡಿದೆ. ಅವಳ ಒಂಬತ್ತು ವರ್ಷದ ಮಗನಿಗೆ ಆಟಿಸಂ ಇದೆ. ಅವನು ಅಡುಗೆಮನೆಯ ನೆಲದಲ್ಲಿ ಸ್ಟೀಲ್ ತಟ್ಟೆ ತಿರುಗಿಸುತ್ತಾ ಕುಳಿತಿದ್ದ. ಅವಳ ಒಂದು ಕಣ್ಣು ಟಿವಿಯ ಮೇಲೆ, ಒಂದು ಕಣ್ಣು ಅವನ ಮೇಲೆ. ಚಿತ್ರದಲ್ಲಿ ರಿಜ್ವಾನನ ತಾಯಿ ತೀರಿಕೊಂಡಾಗ ನಾನು ಮತ್ತೆ ಗದ್ಗದಿತನಾದೆ. ಅವಳು ಅಳಲಿಲ್ಲ. "ಭಾಯ್‌ಜಾನ್, ಈ ತಾಯಿ ಒಂದು ದಿನವಾದರೂ ನೆಮ್ಮದಿಯಾಗಿ ಮಲಗಿದ್ದನ್ನು ಇವರು ತೋರಿಸಲೇ ಇಲ್ಲವಲ್ಲ?" ಎಂದಳು.

ಆ ಪ್ರಶ್ನೆಯನ್ನು ಯಾವ ವಿಮರ್ಶಕನೂ ಕೇಳಿರಲಿಲ್ಲ. ನಾನಂತೂ ಕೇಳಿರಲಿಲ್ಲ.

ಚಿತ್ರದ ಮೊದಲ ಭಾಗ ನಡೆಯುವುದು ಮುಂಬಯಿಯ ಬೊರಿವಿಲಿಯಲ್ಲಿ. ಜರೀನಾ ವಹಾಬ್ ನಟಿಸಿದ ತಾಯಿ ರಜಿಯಾ ಮಗನಿಗೆ ಲೋಕವನ್ನು ಒಬ್ಬಳೇ ಕಲಿಸುತ್ತಾಳೆ. 1983ರ ಕೋಮುಗಲಭೆಯ ಹೊತ್ತಿನಲ್ಲಿ ಬೀದಿಯ ದ್ವೇಷದ ಮಾತನ್ನು ಹುಡುಗ ಮನೆಗೆ ತಂದು ಗಿಣಿಯಂತೆ ಒಪ್ಪಿಸುತ್ತಾನೆ. ಆಗ ಅವಳು ಅವನನ್ನು ಗದರುವುದಿಲ್ಲ. ಕಾಗದ ತೆಗೆದುಕೊಂಡು ಗೆರೆಯ ಮನುಷ್ಯರನ್ನು ಬರೆಯುತ್ತಾಳೆ. ಒಬ್ಬನ ಕೈಯಲ್ಲಿ ದೊಣ್ಣೆ, ಇನ್ನೊಬ್ಬನ ಕೈಯಲ್ಲಿ ಮಿಠಾಯಿ. ಇವರಲ್ಲಿ ಹಿಂದೂ ಯಾರು, ಮುಸ್ಲಿಂ ಯಾರು ಎಂದು ಕೇಳುತ್ತಾಳೆ. ಈ ದೃಶ್ಯವನ್ನು ನಾವು ಸೌಹಾರ್ದದ ಪಾಠವೆಂದು ಕೊಂಡಾಡಿದೆವು. ಅದು ಆಟಿಸಂ ಇರುವ ಮಗುವಿಗೆ ಕಲಿಸುವ ಸರಿಯಾದ ಕ್ರಮವೂ ಹೌದು. ಕಿವಿಗೆ ಬಿದ್ದ ಮಾತು ಗಾಳಿಗೆ ಹೋಗುತ್ತದೆ, ಕಣ್ಣೆದುರಿನ ಚಿತ್ರ ನಿಲ್ಲುತ್ತದೆ. ವಿಶೇಷ ಶಿಕ್ಷಕರು ಹಲ್ಲುಜ್ಜುವುದರಿಂದ ಹಿಡಿದು ಬಸ್ಸು ಹತ್ತುವವರೆಗೆ ಚಿತ್ರಗಳಲ್ಲೇ ಕಲಿಸುತ್ತಾರೆ. ರಜಿಯಾ ಇದನ್ನು ಎಲ್ಲಿ ಕಲಿತಳು? ಚಿತ್ರದ ಪ್ರಕಾರ, ತಾಯಿಯಾದ್ದರಿಂದ ತಾನಾಗಿಯೇ ಬಂತು.

ಮಗನ ಸ್ಥಿತಿಗೆ ಒಂದು ಹೆಸರಿದೆ ಎಂಬುದೂ ಅವಳಿಗೆ ತಿಳಿಯದೇ ಹೋಗುತ್ತದೆ. ರಿಜ್ವಾನ್ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋದ ಮೇಲೆ ಮನಃಶಾಸ್ತ್ರ ಬಲ್ಲ ತಮ್ಮನ ಹೆಂಡತಿ ಅದನ್ನು ಗುರುತಿಸುತ್ತಾಳೆ. ಬೊರಿವಿಲಿಯಲ್ಲಿ ಒಬ್ಬ ವೃದ್ಧ ವಿದ್ವಾಂಸರನ್ನು ಬಿಟ್ಟರೆ ಶಾಲೆ, ಆಸ್ಪತ್ರೆ, ನೆರೆಮನೆ, ಮಸೀದಿ ಯಾವುದೂ ಅವಳ ನೆರವಿಗೆ ಬರುವುದಿಲ್ಲ. ಇದರಲ್ಲಿ ಏನೋ ಕೊರತೆಯಿದೆ ಎಂದು ಚಿತ್ರಕ್ಕೂ ಅನಿಸಿಲ್ಲ, ನಮಗೂ ಅನಿಸಲಿಲ್ಲ.

ಮುಂದೆ ರಿಜ್ವಾನ್ ಏನು ಬೇಕಾದರೂ ರಿಪೇರಿ ಮಾಡುತ್ತಾನೆ, ಬಿರುಗಾಳಿಗೆ ಸಿಕ್ಕ ಬಡವರ ಊರಿಗೆ ಆಸರೆಯಾಗುತ್ತಾನೆ, ಕೊನೆಗೆ ಅಧ್ಯಕ್ಷರನ್ನೂ ಕಾಣುತ್ತಾನೆ. ಅಂದರೆ ಅವನು ಎರಡು ಪರೀಕ್ಷೆಗಳಲ್ಲಿ ಪಾಸಾಗಬೇಕು. ಮುಸ್ಲಿಮನಾಗಿ ನಿರಪರಾಧಿ ಎಂದು ತೋರಿಸಬೇಕು, ಆಟಿಸಂ ಇರುವವನಾಗಿ ಪ್ರಯೋಜನಕ್ಕೆ ಬರುವವನು ಎಂದು ತೋರಿಸಬೇಕು. ಮೊದಲ ಪರೀಕ್ಷೆ ಅನ್ಯಾಯವೆಂದು ನಾವು ದೊಡ್ಡ ದನಿಯಲ್ಲಿ ಹೇಳಿದೆವು. ಎರಡನೆಯದಕ್ಕೆ ಚಪ್ಪಾಳೆ ತಟ್ಟಿದೆವು. ನನ್ನ ತಂಗಿಯ ಮಗ ಯಾವುದನ್ನೂ ರಿಪೇರಿ ಮಾಡುವುದಿಲ್ಲ. ತಟ್ಟೆ ತಿರುಗಿಸುತ್ತಾನೆ, ಅಷ್ಟೇ. ಅವನಿಗೆ ನಮ್ಮ ನಡುವೆ ಜಾಗ ಸಿಗಲು ಇನ್ನೇನು ಯೋಗ್ಯತೆ ಬೇಕು?

'ಬರ್ಫಿ' (2012) ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಅಲ್ಲಿನ ಝಿಲ್ಮಿಲ್ ಶ್ರೀಮಂತರ ಮಗಳಾದರೂ ಹೆತ್ತವರಿಗೆ ಅವಳೆಂದರೆ ನಾಚಿಕೆ. ಅವಳು ನಿಜವಾಗಿ ತನ್ನವಳಾಗುವುದು 'ಮುಸ್ಕಾನ್' ಎಂಬ ಆಶ್ರಯದಲ್ಲಿ. ಹೊರಗೊಂದು ಆಸರೆಯಿದ್ದರೆ ಬದುಕು ಬದಲಾಗುತ್ತದೆ ಎಂಬುದನ್ನು ಈ ಚಿತ್ರ ಒಪ್ಪುತ್ತದೆ. ಆದರೆ ಆ ಆಸರೆ ಇರುವುದು ಊರಿನ ಹೊರಗೆ, ಬೆಟ್ಟದ ಮೇಲೆ. ಒಂದು ಕಡೆ ತ್ಯಾಗಮಯಿ ತಾಯಿ, ಇನ್ನೊಂದು ಕಡೆ ದೂರದ ಆಶ್ರಮ. ನಡುವೆ ಇರಬೇಕಾದ ನೆರೆಹೊರೆ ಎರಡರಲ್ಲೂ ಕಾಣೆಯಾಗಿದೆ.

ಒಂದು ಕಾಲದಲ್ಲಿ ಈ ತಾಯಂದಿರನ್ನು ಪೂಜಿಸುತ್ತಿರಲಿಲ್ಲ, ದೂಷಿಸುತ್ತಿದ್ದರು. 1943ರಲ್ಲಿ ಆಟಿಸಂ ಬಗ್ಗೆ ಬರೆದ ಲಿಯೋ ಕ್ಯಾನರ್ ಈ ಮಕ್ಕಳ ಹೆತ್ತವರಲ್ಲಿ ಪ್ರೀತಿಯ ಬಿಸುಪು ಕಡಿಮೆ ಎಂದು ಗಮನಿಸಿದ್ದರು. ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಆ ತಪ್ಪು ತಿಳಿವಳಿಕೆಯನ್ನು ಲೋಕಕ್ಕೆಲ್ಲ ಹರಡಿದರು. ಇದು ಸುಳ್ಳು, ಕಾರಣ ಮೆದುಳಿನ ಬೆಳವಣಿಗೆಯಲ್ಲಿದೆ ಎಂದು 1964ರಲ್ಲೇ ವಾದಿಸಿದ ಬರ್ನಾರ್ಡ್ ರಿಮ್ಲೆಂಡ್ ಮನಃಶಾಸ್ತ್ರಜ್ಞರು ಮಾತ್ರವಲ್ಲ, ಅಂಥ ಮಗುವಿನ ತಂದೆ ಕೂಡ. ದೂಷಣೆಗೂ ಪೂಜೆಗೂ ಮೇಲ್ನೋಟಕ್ಕೆ ಅಜಗಜಾಂತರ. ಆದರೆ ಎರಡರಲ್ಲೂ ಹೊಣೆ ತಾಯಿಯೊಬ್ಬಳದೇ. ಎರಡರಲ್ಲೂ ಉಳಿದವರಿಗೆ ಮಾಡಲು ಕೆಲಸವಿಲ್ಲ.

ಸ್ವರ್ಗವನ್ನು ತಾಯಿಯ ಪಾದದಡಿ ಕಂಡವರು ನಾವು. ಆ ಪಾದಗಳಿಗೆ ಎರಡು ಗಂಟೆ ಬಿಡುವು ಕೊಟ್ಟವರು ಎಷ್ಟು ಮಂದಿ?

ಕತೆಗಾರನಾಗಿ ನಾನೂ ಈ ತಪ್ಪಿನ ಪಾಲುದಾರ. ನನ್ನ ಹಳೆಯ ಕತೆಯೊಂದರಲ್ಲಿ ಮಾತು ಬಾರದ ಹುಡುಗನೊಬ್ಬ ಬರುತ್ತಾನೆ. ಊರಿನ ಪಾಪಕ್ಕೆಲ್ಲ ಅವನು ಮೂಕಸಾಕ್ಷಿ. ಕೊನೆಗೆ ಕೆರೆಗೆ ಬಿದ್ದು ಸಾಯುತ್ತಾನೆ. ಓದಿದವರು ಮೆಚ್ಚಿದರು. ಆ ಹುಡುಗ ಏನು ತಿನ್ನುತ್ತಿದ್ದ, ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ, ಅವನ ತಾಯಿ ಯಾರನ್ನು ನಂಬಿ ಸಂತೆಗೆ ಹೋಗುತ್ತಿದ್ದಳು ಎಂಬ ಒಂದು ಸಾಲೂ ಅದರಲ್ಲಿಲ್ಲ. ನನಗೆ ಬೇಕಿದ್ದದ್ದು ಸಂಕೇತ. ಹುಡುಗ ಬೇಕಿರಲಿಲ್ಲ.

ಹಾಗಾದರೆ ನಿಜವಾದ ಕತೆ ಎಲ್ಲಿದೆ? ದೆಹಲಿಯಲ್ಲಿ 1991ರಲ್ಲಿ ಮೇರಿ ಬರುವಾ ಎಂಬ ತಾಯಿ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆ ಕಟ್ಟಿದರು. ಅಲ್ಲಿ ಹೆತ್ತವರು ಮಗುವಿನೊಡನೆ ಹನ್ನೆರಡು ವಾರ ಕುಳಿತು ಕಲಿಯುತ್ತಾರೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಏಕಕಾಲಕ್ಕೆ ನಡೆದ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಮನೆಗಳಿಗೆ ಹೋಗಿ ಹೆತ್ತವರಿಗೆ ಮಗುವಿನ ಸನ್ನೆ ಗಮನಿಸಿ ಸ್ಪಂದಿಸುವುದನ್ನು ಕಲಿಸಿದರು. ಹೆತ್ತವರ ಸ್ಪಂದನ ಸುಧಾರಿಸಿತು. ಮಕ್ಕಳು ತಾವಾಗಿಯೇ ಅವರೊಡನೆ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಎಲ್ಲ ಅಳತೆಗಳಲ್ಲೂ ಫಲ ಕಾಣಲಿಲ್ಲ, ಪವಾಡವಂತೂ ಅಲ್ಲ. ಆದರೆ ದೊಡ್ಡ ನಗರದ ದುಬಾರಿ ತಜ್ಞರು ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ ಎಂಬುದು ಗಡಿಯ ಎರಡೂ ಕಡೆ ಸಾಬೀತಾಯಿತು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರಾದವು. ಅಂಗನವಾಡಿ, ಸರ್ಕಾರಿ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ಪಟ್ಟಿಯಲ್ಲಿ ಆಟಿಸಂ ಕೂಡ ಸೇರಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ 'ನಮ್ಮ ನಂತರ ಇವನಿಗೆ ಯಾರು?' ಎಂಬ ಹೆತ್ತವರ ಪ್ರಶ್ನೆಗೆ ಉತ್ತರ ಹುಡುಕಿ, ಹದಿನೆಂಟು ದಾಟಿದವರಿಗೆ ಪೋಷಕರನ್ನು ನೇಮಿಸುವ ದಾರಿ ಮಾಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ಕಾಗದದ ಮೇಲಿನ ಇವೆಲ್ಲ ಮನೆಯ ಬಾಗಿಲಿಗೆ ಬರಬೇಕಾದರೆ ನಡುವೆ ಜನ ಬೇಕು.

ಆ ಜನರಿಗೆ ಮನೆಯ ಭಾಷೆಯೂ ಗೊತ್ತಿರಬೇಕು. ನನ್ನ ತಂಗಿಯ ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಅವಳು ಮಗನನ್ನು ಕರೆದೊಯ್ದ ಕೇಂದ್ರವೊಂದರಲ್ಲಿ "ಎರಡೆರಡು ಭಾಷೆ ಬೇಡ, ಮನೆಯಲ್ಲೂ ಇಂಗ್ಲಿಷನ್ನೇ ಆಡಿ" ಎಂದರಂತೆ. ಅಜ್ಜಿಗೆ ಇಂಗ್ಲಿಷ್ ಬಾರದು. ಮೊಮ್ಮಗನಿಗೆ ಕೆಡುಕಾಗದಿರಲಿ ಎಂದು ಅವರು ಅವನೊಡನೆ ಮಾತನ್ನೇ ನಿಲ್ಲಿಸಿದರು. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಇಂಥ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಎರಡನೆಯ ಭಾಷೆಯಿಂದ ಮಗುವಿನ ಮಾತು ಮತ್ತಷ್ಟು ಹಿಂದೆ ಬೀಳುತ್ತದೆ ಎಂಬುದಕ್ಕೆ ಪುರಾವೆ ಕಂಡಿಲ್ಲ. ಇದನ್ನು ತಿಳಿಯುವಷ್ಟರಲ್ಲಿ ಆ ಮನೆ ಎರಡು ವರ್ಷಗಳ ಅಜ್ಜಿಯ ಮಾತನ್ನು ಕಳೆದುಕೊಂಡಿತ್ತು.

ನಮ್ಮ ಊರುಗಳಲ್ಲಿ ಶಾದಿ ಮಹಲ್‌ಗಳಿವೆ, ಸಮುದಾಯ ಭವನಗಳಿವೆ. ಮದುವೆಯಿಲ್ಲದ ದಿನಗಳಲ್ಲಿ ಅವಕ್ಕೆ ಬೀಗ. ವಾರಕ್ಕೊಂದು ಮಧ್ಯಾಹ್ನ ಬೀಗ ತೆಗೆದರೆ ನಾಲ್ಕು ತಾಯಂದಿರು, ಇಬ್ಬರು ತಂದೆಯರು ಜಾತಿಮತದ ಹಂಗಿಲ್ಲದೆ ಕೂರಬಹುದು. ತರಬೇತಿ ಪಡೆದ ಒಬ್ಬ ಕಾರ್ಯಕರ್ತೆ ಬರಬಹುದು. ಕಾಲೇಜು ಹುಡುಗ ಹುಡುಗಿಯರು ಮಕ್ಕಳೊಡನೆ ಎರಡು ಗಂಟೆ ಕಳೆಯುವುದನ್ನು ಕಲಿಯಬಹುದು. ಮಸೀದಿಯಲ್ಲಿ ಸದ್ದು ಮಾಡುವ ಮಗುವನ್ನು ದುರುಗುಟ್ಟಿ ನೋಡದಂತೆ ಜುಮಾದ ದಿನ ಒಂದು ಮಾತು ಹೇಳಬಹುದು. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಿಲ್ಲ.

ಖಾನನ ತಾಯಿಗಾಗಿ ಎರಡೆರಡು ಸಲ ಅತ್ತವನು ನಾನು. ಇನ್ನು ಅಳುವುದು ಬೇಡ. ಅವಳು ಎರಡು ಗಂಟೆ ಮಲಗಲಿ. ಅಷ್ಟು ಹೊತ್ತು ತಟ್ಟೆ ತಿರುಗಿಸುವ ಹುಡುಗನ ಪಕ್ಕದಲ್ಲಿ ನಮ್ಮಲ್ಲೊಬ್ಬರು ಕೂರೋಣ.